ಮಗು ಹೊರುವ ಬ್ಯಾಗು: ಒಂದು ದಿನ ಬೆಟ್ಟ ಹತ್ತಿಳಿದ ಮೇಲೆ ಅನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಬ್ಯಾಗು ಚೆನ್ನಾಗಿದೆ. ಆದರೆ ಅದು ಚೆನ್ನಾಗಿರುವುದು ಹೊರುವವರಿಗೆ. ಒಳಗೆ ಕೂರುವ ಮಗುವಿಗೂ ಚೆನ್ನಾಗಿರಬೇಕು ಅಂದರೆ ಹಿಂದೆ ಇನ್ನೊಬ್ಬರು ನಡೆದು ಬರುತ್ತಾ ಕಣ್ಣಿಟ್ಟಿರಬೇಕು. ಇದನ್ನು ಜಾಹೀರಾತಿನವರು ಹೇಳುವುದಿಲ್ಲ. ಜಾಹೀರಾತಿನಲ್ಲಿ ಒಬ್ಬ ಅಪ್ಪ ಒಬ್ಬನೇ ಬೆಟ್ಟದ ತುದಿಯಲ್ಲಿ ನಿಂತಿರುತ್ತಾನೆ, ಬೆನ್ನ ಮೇಲೆ ಮಗು ನಗುತ್ತಿರುತ್ತದೆ, ಮಗುವಿನ ಎರಡೂ ಕಾಲಲ್ಲಿ ಸಾಕ್ಸ್ ಇರುತ್ತದೆ. ನಮ್ಮ ಕಥೆ ಬೇರೆ.

ನಾನು ಹೇಳುತ್ತಿರುವುದು ಎದೆಗೆ ಕಟ್ಟಿಕೊಳ್ಳುವ ಬಟ್ಟೆ ಕ್ಯಾರಿಯರ್ ಬಗ್ಗೆ ಅಲ್ಲ. ಇದು ಟ್ರೆಕ್ಕಿಂಗ್ ಬ್ಯಾಗಿನ ಹಾಗೆ ಅಲ್ಯೂಮಿನಿಯಂ ಫ್ರೇಮ್ ಇರುವಂಥದ್ದು. ಮಧ್ಯದಲ್ಲಿ ಮಗುವಿಗೆ ಸೀಟು, ಸುತ್ತ ಬೆಲ್ಟು, ಕೆಳಗೆ ಸಾಮಾನು ತುಂಬಲು ಜಾಗ, ನೆಲಕ್ಕೆ ಊರಿ ನಿಲ್ಲಿಸಲು ಒಂದು ಸ್ಟ್ಯಾಂಡು, ಮೇಲೆ ನೆರಳಿಗೆ ಮಡಚುವ ಛಾವಣಿ. ಕಂಪನಿ ಹೆಸರು ಹಾಕುವುದಿಲ್ಲ. ಬೈಯುವುದು ಸ್ವಲ್ಪ ಇದೆ, ಮತ್ತೆ ಈ ಥರದ ಬ್ಯಾಗುಗಳೆಲ್ಲ ಹೆಚ್ಚುಕಮ್ಮಿ ಒಂದೇ ಹಾಗೆ ಇರುತ್ತವೆ, ಹಾಗಾಗಿ ಯಾವುದನ್ನು ಕೊಂಡರೂ ಇಲ್ಲಿ ಬರೆದಿರುವುದರಲ್ಲಿ ಅರ್ಧದಷ್ಟಾದರೂ ನಿಮಗೆ ಹೊಂದುತ್ತದೆ.

ಮಗನಿಗೆ ಒಂದು ವರ್ಷ ಹತ್ತು ತಿಂಗಳು. ತೂಕ 11 ಕೆಜಿ. ನಡೆಯುತ್ತಾನೆ, ಓಡುತ್ತಾನೆ, ಆದರೆ ನಮಗೆ ಬೇಕಾದ ಕಡೆಗೆ ಅಲ್ಲ. ಹತ್ತು ಹೆಜ್ಜೆ ಇಡುತ್ತಾನೆ, ಕೂತು ಒಂದು ಕಲ್ಲು ಎತ್ತಿಕೊಳ್ಳುತ್ತಾನೆ, ಆ ಕಲ್ಲನ್ನು ನಮಗೆ ಕೊಡುತ್ತಾನೆ, ಆಮೇಲೆ ವಾಪಸ್ ಬೇಕು ಅಂತ ಅಳುತ್ತಾನೆ. ಬೆಟ್ಟದ ದಾರಿಯಲ್ಲಿ ತಳ್ಳುಗಾಡಿ ನಡೆಯುವುದಿಲ್ಲ. ಕಂಕುಳಲ್ಲಿ ಎತ್ತಿಕೊಂಡರೆ ಹತ್ತು ನಿಮಿಷಕ್ಕೆ ಕೈ ಸೋಲುತ್ತದೆ, ಅದೂ ಅಲ್ಲದೆ ಒಂದು ಕೈ ಮಗುವಿಗೆ ಹೋದರೆ ಎಡವಿದಾಗ ಹಿಡಿದುಕೊಳ್ಳಲು ಉಳಿಯುವುದು ಒಂದೇ ಕೈ. ನಮ್ಮಮ್ಮ ಮಾತ್ರ ಬ್ಯಾಗು ನೋಡಿದ ತಕ್ಷಣ, "ನಿಮ್ಮನ್ನೆಲ್ಲಾ ಎತ್ಕೊಂಡೇ ಬೆಳೆಸಿದ್ದು ಕಣೇ, ಇದಕ್ಕೂ ಒಂದು ಯಂತ್ರ ಬೇಕಾ?" ಅಂದರು. ಅಮ್ಮನೂ ನಮ್ಮ ಜೊತೆ ಬೆಟ್ಟಕ್ಕೆ ಬಂದಿದ್ದರು. ಇಡೀ ದಿನ ಆ ಯಂತ್ರದ ಹಿಂದೆ ನಡೆದು ಅದನ್ನು ಉಳಿಸಿದವರು ಅವರೇ.

ತೂಕದ ಲೆಕ್ಕ ಮೊದಲು ಹಾಕಿಕೊಳ್ಳಿ. ಖಾಲಿ ಬ್ಯಾಗೇ 3.2 ಕೆಜಿ. ಮಗು 11. ನೀರು, ಡೈಪರು, ಒಂದು ಜೊತೆ ಬಟ್ಟೆ, ಜಾಕೆಟ್, ತಿಂಡಿ ಎಲ್ಲ ಸೇರಿ ಇನ್ನೊಂದು 3 ಕೆಜಿ. ಅಲ್ಲಿಗೆ 17 ದಾಟಿತು. ಇದರ ಲೇಬಲ್ಲಿನಲ್ಲಿ ಬ್ಯಾಗು, ಮಗು, ಸಾಮಾನು ಎಲ್ಲ ಸೇರಿ 22 ಕೆಜಿ ಮೀರಬಾರದು ಅಂತ ಬರೆದಿದೆ. ಈಗ ಪರವಾಗಿಲ್ಲ ಅನಿಸುತ್ತದೆ, ಆದರೆ ಮಗು ಇಲ್ಲೇ ನಿಲ್ಲುವುದಿಲ್ಲವಲ್ಲ. ಇನ್ನೊಂದೆರಡು ವರ್ಷದಲ್ಲಿ ಈ ಅಂಕಿ ಮುಟ್ಟುತ್ತಾನೆ, ಅದಕ್ಕೂ ಮುಂಚೆ ನನ್ನ ಬೆನ್ನೇ ಸಾಕು ಅನ್ನುತ್ತದೆ. ಅಂದರೆ ಈ ಬ್ಯಾಗಿನ ಆಯಸ್ಸು ಕಮ್ಮಿ. ಕೊಳ್ಳುವ ಮುಂಚೆ ನಾವು ಇದನ್ನು ಯೋಚಿಸಿರಲಿಲ್ಲ.

ಹಾಕಿಕೊಳ್ಳುವುದಕ್ಕೆ ಒಂದು ಕ್ರಮ ಇದೆ. ಅದನ್ನು ಮನೆಯಲ್ಲೇ ಕಲಿಯಬೇಕು, ಕಾರು ನಿಲ್ಲಿಸಿದ ಜಾಗದಲ್ಲಿ ಅಲ್ಲ. ಮೊದಲ ಸಲ ನಮ್ಮ ಯಜಮಾನರು ಶಾಲೆ ಬ್ಯಾಗಿನ ಹಾಗೆ ಹೆಗಲ ಪಟ್ಟಿ ಎಳೆದು ಬಿಗಿ ಮಾಡಿಕೊಂಡರು, ಹಾಲಿನಲ್ಲಿ ನಾಲ್ಕು ಸುತ್ತು ಹಾಕಿದರು, ಹೆಗಲು ಹರಿದುಹೋಗುತ್ತಿದೆ ಅಂತ ಕೆಳಗಿಟ್ಟರು. ಬ್ಯಾಗು ಸರಿಯಿಲ್ಲ, ವಾಪಸ್ ಕೊಡೋಣ ಅಂತ ಅರ್ಧ ಗಂಟೆ ಚರ್ಚೆ ಆಯಿತು. ಆಮೇಲೆ ಜೊತೆಗೆ ಬಂದಿದ್ದ ಹಾಳೆ ಓದಿದೆವು. ಎಲ್ಲ ಪಟ್ಟಿಯನ್ನೂ ಸಡಿಲ ಬಿಟ್ಟು ಬ್ಯಾಗು ಏರಿಸಿಕೊಳ್ಳಬೇಕು. ಸೊಂಟದ ಬೆಲ್ಟನ್ನು ಹೊಟ್ಟೆಯ ಮೇಲೆ ಅಲ್ಲ, ಸೊಂಟದ ಎಲುಬಿನ ಮೇಲೆ ಕೂರಿಸಿ ಗಟ್ಟಿಯಾಗಿ ಬಿಗಿಯಬೇಕು. ಆಮೇಲೆ ಹೆಗಲು. ಆಮೇಲೆ ಹೆಗಲ ಮೇಲ್ಗಡೆ ಇರುವ ಸಣ್ಣ ಪಟ್ಟಿ, ಅದನ್ನು ಎಳೆದರೆ ಬ್ಯಾಗಿನ ತಲೆ ಬೆನ್ನಿಗೆ ಅಂಟುತ್ತದೆ. ಕೊನೆಗೆ ಎದೆಯ ಕ್ಲಿಪ್ಪು. ಹೀಗೆ ಮಾಡಿದ ಮೇಲೆ ಭಾರದ ಬಹುಪಾಲು ಸೊಂಟಕ್ಕೆ, ಅಲ್ಲಿಂದ ಕಾಲಿಗೆ ಇಳಿಯುತ್ತದೆ, ಹೆಗಲಿಗೆ ಬೀಳುವುದು ಸ್ವಲ್ಪವೇ. ಅದೇ ಬ್ಯಾಗು, ಅದೇ ಮಗು, ನಿಜವಾಗಿಯೂ ಬೇರೆ ಬ್ಯಾಗು ಹಾಕಿಕೊಂಡ ಹಾಗಿತ್ತು.

ನಾನು ಅವರಿಗಿಂತ ಕುಳ್ಳಿ. ಅವರಿಗೆ ಹೊಂದಿಸಿದ್ದು ನನಗೆ ಆಗುವುದಿಲ್ಲ. ಬೆನ್ನಿನ ಉದ್ದ ಬದಲಿಸಲು ಹಿಂದೆ ಒಂದು ಪಟ್ಟಿ ಇದೆ, ಮಗು ಕೂತಿರುವಾಗ ಅದಕ್ಕೆ ಕೈ ಹೋಗುವುದಿಲ್ಲ. ಅಂದರೆ ದಾರಿಯಲ್ಲಿ ಹೊರುವವರು ಬದಲಾಗಬೇಕು ಅಂದರೆ ಮಗುವನ್ನು ಇಳಿಸಿ, ಪಟ್ಟಿ ಬದಲಿಸಿ, ಮತ್ತೆ ಕೂರಿಸಬೇಕು. ಇಳಿದ ಮಗು ಮತ್ತೆ ಕೂರುವುದಿಲ್ಲ ಅನ್ನುವುದು ಮಕ್ಕಳಿರುವ ಎಲ್ಲರಿಗೂ ಗೊತ್ತು. ಇಬ್ಬರೂ ಸರದಿಯಲ್ಲಿ ಹೊರೋಣ ಅಂತ ಪ್ಲಾನ್ ಮಾಡಿದ್ದೆವು, ಕೊನೆಗೆ ಮುಕ್ಕಾಲು ಪಾಲು ಹೊತ್ತವರು ಅವರೇ.

ಕಾರಿನ ವಿಷಯ ಎರಡು ಮಾತು. ಈ ಬ್ಯಾಗು ಕಾರಿನ ಸೀಟಲ್ಲ. ಬೆಲ್ಟು ಇದೆ, ಬಕಲ್ ಇದೆ, ಹೊರಗಿಂದ ನೋಡಿದರೆ ಹಾಗೇ ಕಾಣುತ್ತದೆ, ಆದರೆ ಡಿಕ್ಕಿಯ ಹೊಡೆತ ತಡೆಯಲು ಮಾಡಿದ್ದಲ್ಲ. ಕಾರಿಗೆ ಕಾರಿನ ಸೀಟೇ. ಬೆಟ್ಟ ಏರುವಾಗ ಗಾಳಿಯ ಒತ್ತಡ ಕಮ್ಮಿಯಾಗಿ ಕಿವಿ ಕಟ್ಟುತ್ತದೆ, ದೊಡ್ಡವರು ಆಕಳಿಸಿ ಬಿಡಿಸಿಕೊಳ್ಳುತ್ತೇವೆ, ಮಗುವಿಗೆ ಅದು ಗೊತ್ತಾಗುವುದಿಲ್ಲ. ನಾಲ್ಕು ತಿರುವಿಗೊಂದು ಸಲ ಒಂದು ಗುಟುಕು ನೀರು ಕುಡಿಸಿದೆ, ನುಂಗಿದರೆ ಕಿವಿ ತೆರೆಯುತ್ತದೆ. ಇಳಿಯುವಾಗ ನಿದ್ದೆ ಮಾಡಿಬಿಟ್ಟ, ಎಚ್ಚರ ಆದಾಗ ಕಿವಿ ಹಿಡಿದುಕೊಂಡು ಅತ್ತ. ಮುಂದಿನ ಸಲ ಇಳಿಯುವಾಗಲೂ ಎಬ್ಬಿಸಿ ಕುಡಿಸಬೇಕಾ, ಅಥವಾ ಮಲಗಿದ ಮಗುವನ್ನು ಸುಮ್ನೆ ಬಿಡಬೇಕಾ, ನಮ್ಮಿಬ್ಬರಿಗೂ ಇನ್ನೂ ಒಮ್ಮತ ಇಲ್ಲ.

ನಾವು ಹೋಗಿದ್ದು 2000 ಮೀಟರಿಗಿಂತ ಕೆಳಗಿನ ಜಾಗ. ಎತ್ತರದಿಂದ ತಲೆನೋವು, ವಾಕರಿಕೆ ಬರುವುದು ಸಾಮಾನ್ಯವಾಗಿ 2500 ಮೀಟರ್ ಮೇಲೆ ಹೋದಾಗ. ತಲೆ ನೋಯುತ್ತಿದೆ ಅಂತ ಬಾಯಿಬಿಟ್ಟು ಹೇಳಲಾಗದ ಮಗುವನ್ನು ಕಟ್ಟಿಕೊಂಡು ಒಂದೇ ದಿನದಲ್ಲಿ ಅಷ್ಟು ಮೇಲೆ ಹೋಗಿ ಬರುವ ಸಾಹಸ ನಮಗೆ ಬೇಡ ಅನಿಸಿತು.

ಈಗ ನಡಿಗೆ. ಸ್ಟ್ಯಾಂಡು ಬಿಚ್ಚಿ ಸಮತಟ್ಟು ನೆಲದ ಮೇಲೆ ಬ್ಯಾಗು ನಿಲ್ಲಿಸಿ ಮಗುವನ್ನು ಕೂರಿಸಬೇಕು. ಸ್ಟ್ಯಾಂಡು ಟಕ್ ಅಂತ ಕೂತ ಸದ್ದು ಕೇಳಬೇಕು. ಈ ಭಾಗ ಗಟ್ಟಿಯಾಗಿದೆ, ಇದಕ್ಕೆ ಪೂರ್ತಿ ಅಂಕ. ಆದರೆ ಬೆಟ್ಟದಲ್ಲಿ ಸಮತಟ್ಟು ನೆಲ ಎಲ್ಲಿ ಸಿಗುತ್ತದೆ? ಒಂದು ಕಡೆ ವಿಶ್ರಾಂತಿಗೆ ಅಂತ ಇಳಿಜಾರಿನಲ್ಲಿ ಇಟ್ಟಾಗ ಮಗ ಪಕ್ಕದ ಹಕ್ಕಿ ನೋಡಲು ವಾಲಿದ, ಬ್ಯಾಗೂ ಅವನ ಜೊತೆ ವಾಲಿತು. ಅಮ್ಮ ಪಕ್ಕದಲ್ಲೇ ಇದ್ದರು, ಒಂದು ಕೈಯಲ್ಲಿ ಹಿಡಿದರು. ಅವತ್ತಿಂದ ನಿಯಮ ಒಂದೇ, ಮಗು ಒಳಗಿದ್ದರೆ ಹಿಡಿಯ ಮೇಲೆ ಯಾರದ್ದಾದರೂ ಕೈ ಇರಲೇಬೇಕು. ಫೋಟೋ ತೆಗೆಯುವವರು ಬೇರೆಯವರಾಗಲಿ.

ಏರಿಸಿಕೊಳ್ಳುವಾಗ ಒಂದು ಮಂಡಿ ಊರಿ, ಬ್ಯಾಗನ್ನು ತೊಡೆಯ ಮೇಲೆ ತಂದು, ಅಲ್ಲಿಂದ ಹೆಗಲಿಗೆ. ಇನ್ನೊಬ್ಬರು ಹಿಂದಿನಿಂದ ಎತ್ತಿ ಕೊಟ್ಟರೆ ಸುಲಭ. ಒಬ್ಬರೇ ಮಾಡಬಹುದು, ಮಾಡಿ ನೋಡಿದೆ, ಮಗುವಿನ ತಲೆ ಒಂದು ಕ್ಷಣ ಹಾವಾಡಿಸಿದ ಹಾಗೆ ಅತ್ತಿತ್ತ ಹೋಗುತ್ತದೆ. ಅವನಿಗೆ ಅದು ಆಟ, "ಇನ್ನೊಂದ್ಸಲ" ಅಂದ. ನನಗೆ ಎದೆ ಧಸಕ್ ಅಂದಿತ್ತು.

ಹೊತ್ತ ಮೇಲೆ ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗುವ ವಿಷಯ ಏನಂದರೆ, ಮಗುವಿನ ತಲೆ ನಿಮ್ಮ ತಲೆಗಿಂತ ಮೇಲಿರುತ್ತದೆ. ನೀವು ಸರಾಗವಾಗಿ ದಾಟುವ ಕೊಂಬೆ ಅವನ ಮುಖಕ್ಕೆ ಬಡಿಯುತ್ತದೆ. ಯಜಮಾನರು ಒಂದು ಕೊಂಬೆಯ ಕೆಳಗೆ ತಲೆ ಬಗ್ಗಿಸಿ ಹೋದರು, ತಲೆ ಮಾತ್ರ, ಮಂಡಿ ಬಗ್ಗಿಸಲಿಲ್ಲ. ಹಿಂದೆ ಇದ್ದ ನಾನು ಕೂಗುವಷ್ಟರಲ್ಲಿ ಎಲೆಗಳೆಲ್ಲ ಮಗನ ಮುಖ ಸವರಿಕೊಂಡು ಹೋಗಿತ್ತು. ಅದೃಷ್ಟಕ್ಕೆ ಎಳೆ ಕೊಂಬೆ. ಅವನು ಅಳಲಿಲ್ಲ. ನೋಡಿದರೆ ಮುಷ್ಟಿಯಲ್ಲಿ ಒಂದು ಎಲೆ ಕಿತ್ತುಕೊಂಡಿದ್ದಾನೆ, ಅದನ್ನು ಅಪ್ಪನ ಕಿವಿಯೊಳಗೆ ತುರುಕಲು ನೋಡುತ್ತಿದ್ದಾನೆ. ಅಲ್ಲಿಂದ ಮುಂದೆ ಅಮ್ಮ ಹಿಂದಿನಿಂದ "ಕೊಂಬೆ!" ಅಂತ ಕೂಗುತ್ತಲೇ ಬಂದರು. ಸ್ವಲ್ಪ ಹೊತ್ತಿಗೆ ಮಗನೂ "ಕೊಂಬೆ! ಕೊಂಬೆ!" ಅಂತ ಶುರು ಮಾಡಿದ, ಕೊಂಬೆ ಇಲ್ಲದ ಕಡೆಯೂ. ಪಾಪ ಇವರು ಬಯಲಿನಲ್ಲಿ ಎರಡು ಸಲ ಮಂಡಿ ಬಗ್ಗಿಸಿದರು.

ನೆಲದ ಮೇಲೆ ಬಿದ್ದದ್ದನ್ನು ಎತ್ತಲೂ ಅಷ್ಟೇ, ಸೊಂಟ ಬಗ್ಗಿಸಬಾರದು, ಕುಕ್ಕುರುಗಾಲಲ್ಲಿ ಕೂರಬೇಕು. ಬಗ್ಗಿದರೆ ಮಗು ನಿಮ್ಮ ತಲೆಯ ಮೇಲಿಂದ ಮುಂದಕ್ಕೆ ಜಾರುತ್ತದೆ. ಒಳಗಿನ ಬೆಲ್ಟು ಸರಿಯಾಗಿದ್ದರೆ ತಡೆಯುತ್ತದೆ, ಸರಿಯಾಗಿದ್ದರೆ ಮಾತ್ರ. ಇಲ್ಲಿ ಒಂದು ದೋಷ ಕಂಡಿತು. ಬೆಳಗ್ಗೆ ದಪ್ಪ ಜಾಕೆಟ್ ಹಾಕಿ ಕೂರಿಸಿದಾಗ ಬೆಲ್ಟು ಬಿಗಿಯಾಗಿತ್ತು. ಬಿಸಿಲು ಬಂತು ಅಂತ ಜಾಕೆಟ್ ತೆಗೆದೆವು. ಬೆಲ್ಟು ಅಷ್ಟೂ ಸಡಿಲ, ಹೆಗಲಿಂದ ಒಂದು ಕೈ ಹೊರಗೆ ತೆಗೆದಿದ್ದ. ಹೊತ್ತವರಿಗೆ ಇದು ಗೊತ್ತೇ ಆಗುವುದಿಲ್ಲ, ಅವರ ಬೆನ್ನಿಗೆ ಭಾರ ಅಷ್ಟೇ ಇರುತ್ತದಲ್ಲ.

ಹಿಂದೆ ಒಬ್ಬರು ಇರಲೇಬೇಕು ಅಂತ ನಾನು ಮೊದಲೇ ಹೇಳಿದ್ದು ಇದಕ್ಕೇ. ಕೆಲವು ಬ್ಯಾಗುಗಳ ಸೊಂಟದ ಜೇಬಿನಲ್ಲಿ ಸಣ್ಣ ಕನ್ನಡಿ ಇರುತ್ತದಂತೆ, ಹಿಂದೆ ಮಗು ನೋಡಿಕೊಳ್ಳಲು. ನಮ್ಮದರಲ್ಲಿ ಇಲ್ಲ. ನಾನು ನನ್ನ ಪೌಡರ್ ಡಬ್ಬಿಯ ಕನ್ನಡಿ ಕೊಟ್ಟೆ, ಅದು ಸಾಕಾಯಿತು. ಇಷ್ಟು ದುಡ್ಡು ತೆಗೆದುಕೊಂಡು ಒಂದು ಅಂಗೈಯಗಲದ ಕನ್ನಡಿ ಇಡಲು ಆಗಲಿಲ್ಲವಾ ಅಂತ ಸಿಟ್ಟು ಬಂತು. ಲೋಟ ಇಡುವ ಜಾಗ ಮಾತ್ರ ಎರಡು ಕಡೆ ಕೊಟ್ಟಿದ್ದಾರೆ.

ಇನ್ನು ಚಳಿ. ಎತ್ತರ 1000 ಮೀಟರ್ ಹೆಚ್ಚಾದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ, ಗಾಳಿ ಬೀಸಿದರೆ ಇನ್ನೂ ಜಾಸ್ತಿ ಅನಿಸುತ್ತದೆ. ಆದರೆ ಹೊತ್ತು ನಡೆಯುವವರಿಗೆ ಚಳಿಯೇ ಇಲ್ಲ, ಬೆನ್ನೆಲ್ಲ ಬೆವರು. ಮಗು ಸುಮ್ಮನೆ ಕೂತಿರುತ್ತದೆ, ಅದಕ್ಕೆ ಮೈ ಬಿಸಿಯಾಗುವ ಕೆಲಸವೇ ಇಲ್ಲ. ನಮಗೆ ಸೆಕೆ ಅಂತ ಮಗುವಿನ ಜಾಕೆಟ್ ತೆಗೆದದ್ದು ಅದೇ ತಪ್ಪು. ಇಪ್ಪತ್ತು ನಿಮಿಷ ಆದ ಮೇಲೆ ಅಮ್ಮ ಅವನ ಕತ್ತಿನ ಹಿಂಭಾಗ ಮುಟ್ಟಿ ನೋಡಿದರು, ತಣ್ಣಗಿತ್ತು. ಕಾಲು ನೋಡಿದರೆ ಒಂದರಲ್ಲಿ ಸಾಕ್ಸೇ ಇಲ್ಲ, ಬೆರಳೆಲ್ಲ ಐಸ್. ಬೂಟು ಬೇಡ ಅಂತ ಅಳುತ್ತಾನೆ ಅಂತ ನಾವೇ ಕಾರಿನಲ್ಲಿ ಬಿಟ್ಟು ಬಂದಿದ್ದೆವು. ಕಾಲು ಇಡಲು ಎರಡು ಪಟ್ಟಿ ಕೊಟ್ಟಿದ್ದಾರೆ, ಆದರೆ ಅವನ್ನು ಎಷ್ಟು ಮೇಲೆಳೆದರೂ ನಮ್ಮ ಮಗನ ಪಾದ ಮುಟ್ಟುವುದಿಲ್ಲ, ಇನ್ನೂ ಉದ್ದ ಕಾಲಿನ ಮಕ್ಕಳಿಗೆ ಅಂತ ಕಾಣುತ್ತದೆ. ಕಾಲು ಹಾಗೇ ಜೋತಾಡುತ್ತಿದ್ದರೆ ಜೋಮು ಹಿಡಿಯುತ್ತದೆ. ಅರ್ಧ ಗಂಟೆಗೊಮ್ಮೆ ಇಳಿಸಿ ಕುಣಿಯಲು ಬಿಡಿ, ಅದಕ್ಕೆ ಬೇರೆ ದಾರಿ ಇಲ್ಲ. ಸಾಕ್ಸ್ ಮೂರು ಜೊತೆ ಇಟ್ಟುಕೊಳ್ಳಿ. ಬಿದ್ದ ಸಾಕ್ಸ್ ವಾಪಸ್ ಬರುವಾಗ ದಾರಿಯ ಪಕ್ಕದ ಬೇಲಿ ಕಂಬಕ್ಕೆ ಯಾರೋ ಸಿಕ್ಕಿಸಿಟ್ಟಿದ್ದರು, ಯಾರೋ ಪುಣ್ಯಾತ್ಮರು.

ಬಿಸಿಲಿನ ಕಥೆ ಉಲ್ಟಾ. ಮೈಗೆ ತಂಪು, ಆದರೆ ಚರ್ಮ ಸುಡುತ್ತದೆ. 1000 ಮೀಟರಿಗೆ ಸುಮಾರು ಶೇಕಡಾ 10ರಷ್ಟು ನೇರಳಾತೀತ ಕಿರಣ ಹೆಚ್ಚಾಗುತ್ತದೆ, ಮೋಡ ಇದ್ದರೂ ತಪ್ಪುವುದಿಲ್ಲ. ಹಾಗಾಗಿ ಮೇಲಿನ ಛಾವಣಿ ತುಂಬಾ ಮುಖ್ಯ, ಮತ್ತೆ ಈ ಬ್ಯಾಗು ಸೋತದ್ದು ಅಲ್ಲೇ. ಛಾವಣಿ ಎರಡು ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ನಿಲ್ಲುತ್ತದೆ. ತುದಿಯ ಹತ್ತಿರ ಗಾಳಿ ಬೀಸಿದಾಗ ಎಡಗಡೆಯ ಕ್ಲಿಪ್ಪು ಕಳಚಿ ಬಟ್ಟೆ ಪಟಪಟ ಹೊಡೆದುಕೊಳ್ಳತೊಡಗಿತು. ಸಿಕ್ಕಿಸಿದೆ, ಐದು ನಿಮಿಷಕ್ಕೆ ಮತ್ತೆ ಕಳಚಿತು. ಮೂರನೇ ಸಲ ಅದರ ಹಲ್ಲೇ ಮುರಿಯಿತು. ಮೊದಲ ದಿನ, ಮೊದಲ ಬೆಟ್ಟ. ಕೊನೆಗೆ ನನ್ನ ತಲೆಯ ರಬ್ಬರ್ ಬ್ಯಾಂಡ್ ತೆಗೆದು ಫ್ರೇಮಿಗೆ ಸುತ್ತಿ ಕಟ್ಟಿದೆ.

ಅದಕ್ಕೂ ಮುಂಚೆ ಇನ್ನೊಂದು ಪ್ರಹಸನ. ಛಾವಣಿ ಹೋಯಿತಲ್ಲ, ಟೋಪಿಯಾದರೂ ಹಾಕೋಣ ಅಂತ ಹುಡುಕಿದರೆ ಟೋಪಿ ಇಲ್ಲ. ನನ್ನ ಚೀಲ ಸುರಿದೆ. ಅಮ್ಮನ ಚೀಲ ಸುರಿದೆ. ಇವರನ್ನು ನಿಲ್ಲಿಸಿ ಬ್ಯಾಗಿನ ಒಂದೊಂದು ಜಿಪ್ಪೂ ಎಳೆದೆ, ಕಾರಿನಲ್ಲೇ ಬಿಟ್ಟಿದ್ದು ನೀವು, ಇಲ್ಲ ನೀನು ಅಂತ ಒಂದು ಸುತ್ತು ಆಯಿತು. ಟೋಪಿ ಮಗನ ಬೆನ್ನ ಹಿಂದೆ ಸೀಟಿನಲ್ಲೇ ಇತ್ತು, ಅವನು ಅದರ ಮೇಲೆ ಒರಗಿಕೊಂಡಿದ್ದ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲಾ ಹುಡುಕಿದರಂತೆ ಅನ್ನುವುದು ಇದಕ್ಕೇ, ಅಂತ ಅಮ್ಮ ನಕ್ಕಿದ್ದೇ ನಕ್ಕಿದ್ದು.

ದೊಡ್ಡ ಸಾಮಾನಿನ ಜೇಬು ಸೀಟಿನ ಕೆಳಗಿದೆ. ಜಾಗ ಬೇಕಾದಷ್ಟಿದೆ, ಆದರೆ ಹೊತ್ತವರ ಕೈಗೆ ಎಟುಕುವುದಿಲ್ಲ. ಅಲ್ಲಿ ಬಟ್ಟೆ, ಡೈಪರ್ ಇಡಿ. ಬಿಸ್ಕತ್ತು, ನೀರು, ಒರೆಸುವ ಬಟ್ಟೆ ಸೊಂಟದ ಜೇಬಿನಲ್ಲಿರಲಿ. ಕೊಳೆ ಡೈಪರಿಗೆ ಗಟ್ಟಿಯಾಗಿ ಕಟ್ಟುವ ಎರಡು ಕವರ್ ಬೇಕು, ಅದನ್ನು ಬೆಟ್ಟದಲ್ಲಿ ಹೂಳಿದರೂ ಕರಗುವುದಿಲ್ಲ, ವಾಪಸ್ ತರಲೇಬೇಕು. ದಾರಿಯ ಪಕ್ಕ ಪೊದೆಯಲ್ಲಿ ಯಾರೋ ಎಸೆದಿದ್ದ ಒಂದು ಡೈಪರ್ ನೋಡಿದೆವು. ಅಷ್ಟು ದೂರ ತುಂಬಿದ್ದನ್ನು ಹೊತ್ತು ಬಂದವರಿಗೆ ಅದು ಭಾರ ಆಯ್ತಾ?

ಬೆಟ್ಟದ ಕೆಳಗಿನ ಬೋರ್ಡಿನಲ್ಲಿ ತುದಿಗೆ 45 ನಿಮಿಷ ಅಂತ ಬರೆದಿತ್ತು. ನಾವು ಎರಡು ಗಂಟೆ ನಡೆದರೂ ತುದಿ ಬರಲಿಲ್ಲ. ಯಾಕೆ ಅಂದರೆ ಅರ್ಧ ದಾರಿ ಮಗ ತಾನೇ ನಡೆದ, ಅಂದರೆ ನಾವು ನಿಂತೆವು. ಒಂದು ಇರುವೆ ಸಾಲಿನ ಮುಂದೆ ಹದಿನೈದು ನಿಮಿಷ ಕುಕ್ಕುರುಗಾಲಲ್ಲಿ ಕೂತಿದ್ದ, ಉಸಿರಾಡುವ ಸದ್ದು ಕೇಳುವಷ್ಟು ಮೌನವಾಗಿ. ಅಷ್ಟು ಹೊತ್ತೂ ಖಾಲಿ ಬ್ಯಾಗು ಯಜಮಾನರ ಬೆನ್ನ ಮೇಲಿತ್ತು. ಖಾಲಿ ಬ್ಯಾಗು ಹೊತ್ತು ನಿಂತವರ ಮುಖ ಒಂಥರಾ ಇರುತ್ತದೆ. ಆದರೆ ನಿಜ ಹೇಳಬೇಕು ಅಂದರೆ ಬ್ಯಾಗು ಇದ್ದದ್ದಕ್ಕೇ ನಾವು ಅವನನ್ನು ಅಷ್ಟು ನಡೆಯಲು ಬಿಟ್ಟಿದ್ದು. ಸುಸ್ತಾದರೆ ಎತ್ತಿ ಕೂರಿಸಿದರಾಯಿತು ಅನ್ನುವ ಧೈರ್ಯ ಇತ್ತು. ಇಲ್ಲದಿದ್ದರೆ ಬೆಳಗ್ಗೆಯಿಂದ ಬಾ, ಬೇಗ ಬಾ, ಅಂತ ಎಳೆದುಕೊಂಡೇ ಹೋಗುತ್ತಿದ್ದೆವು.

ಮಧ್ಯಾಹ್ನ ಮೋಡ ಕಟ್ಟತೊಡಗಿತು. ತುದಿ ಕಾಣುತ್ತಿತ್ತು, ಇನ್ನು ಇಪ್ಪತ್ತು ನಿಮಿಷ ಇರಬಹುದು. ಇವರಿಗೆ ಆಸೆ. ಬೆನ್ನ ಮೇಲೆ ಅಲ್ಯೂಮಿನಿಯಂ ಫ್ರೇಮು, ಅದರೊಳಗೆ ಮಗು, ಗುಡುಗು ಬಂದರೆ ಬೋಳು ಬೆಟ್ಟದ ತುದಿಯಲ್ಲಿ ಇರುವುದು ಬೇಡ ಅಂತ ನಾನು ಹಠ ಹಿಡಿದೆ. ತಿರುಗಿದೆವು. ಗುಡುಗು ಬರಲಿಲ್ಲ, ಕಾರಿನ ಹತ್ತಿರ ಬರುವಷ್ಟರಲ್ಲಿ ಬಿಸಿಲೂ ಬಂತು. ಅದನ್ನು ಅವರು ಇನ್ನೂ ಎತ್ತಿ ಆಡುತ್ತಾರೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಭಾರ ಮೇಲ್ಗಡೆ ಇರುವುದರಿಂದ ಒಂದೊಂದು ಹೆಜ್ಜೆಗೂ ಮುಂದಕ್ಕೆ ತಳ್ಳಿದ ಹಾಗಾಗುತ್ತದೆ, ಮಂಡಿ ನಡುಗುತ್ತದೆ. ಮಗು ಒಂದು ಕಡೆ ವಾಲಿದರೆ ನೀವೂ ವಾಲುತ್ತೀರಿ. ಊರುಗೋಲು ಇದ್ದರೆ ಒಳ್ಳೆಯದು. ನಾವು ದಾರಿಯಲ್ಲಿ ಬಿದ್ದಿದ್ದ ಒಂದು ಕೋಲು ಹಿಡಿದೆವು, ಮಗನಿಗೂ ಒಂದು ಬೇಕಾಯಿತು, ಕೊಟ್ಟೆವು, ಅಪ್ಪನ ತಲೆಗೆ ಎರಡು ಏಟು ಬಿದ್ದ ಮೇಲೆ ಕಿತ್ತುಕೊಂಡೆವು. ಅತ್ತು ಅತ್ತು ನಿದ್ದೆ ಹೋದ.

ನಿದ್ದೆಯ ಭಾಗ ನೋಡಿ, ಇದು ಯಾರಿಗಾದರೂ ಮುಖ್ಯ ಅನಿಸಬೇಕು. ಮಲಗಿದ ಮಗುವಿನ ಕತ್ತು ಮುಂದಕ್ಕೆ, ಪಕ್ಕಕ್ಕೆ ಜೋತು ಬೀಳುತ್ತದೆ. ಮುಂದೆ ಒಂದು ಮೆತ್ತನೆಯ ದಿಂಬಿನಂಥದ್ದು ಇದೆ, ಕೆನ್ನೆ ಅದರ ಮೇಲೆ ಒರಗಬೇಕು. ಒರಗುತ್ತದೆ, ಆದರೆ ಪಕ್ಕಕ್ಕೆ ಆಧಾರ ಇಲ್ಲ. ಅಮ್ಮ ತಮ್ಮ ಶಾಲನ್ನು ಸುರುಳಿ ಸುತ್ತಿ ಎರಡೂ ಕಡೆ ತುರುಕಿದರು, ಆಮೇಲೆ ಸರಿ ಹೋಯಿತು. ಮೂಗು ಬಾಯಿ ದಿಂಬಿಗೆ ಒತ್ತಿಕೊಂಡಿಲ್ಲವಾ ಅಂತ ಪದೇ ಪದೇ ನೋಡುತ್ತಲೇ ಇರಬೇಕು, ಮತ್ತೆ ಅದೇ, ಹಿಂದೆ ಒಬ್ಬರು. ನಲವತ್ತು ನಿಮಿಷ ಮಲಗಿದ. ಎದ್ದಾಗ ಎಡಗೆನ್ನೆಯ ಮೇಲೆ ದಿಂಬಿನ ಜಿಪ್ಪಿನ ಹಲ್ಲುಗಳು ಸಾಲಾಗಿ ಅಚ್ಚೊತ್ತಿದ್ದವು. ಅಲ್ಲೇ ಜಿಪ್ ಯಾಕೆ ಇಟ್ಟರು? ಹಿಂಬದಿಗೆ ಇಟ್ಟಿದ್ದರೆ ಆಗುತ್ತಿರಲಿಲ್ಲವಾ?

ಕೊಳ್ಳಬೇಕಾ ಬೇಡವಾ ಅಂತ ಕೇಳಿದರೆ, ತಿಂಗಳಿಗೊಮ್ಮೆಯಾದರೂ ಇಂಥ ಕಡೆ ಹೋಗುವವರಾದರೆ ಕೊಳ್ಳಿ. ವರ್ಷಕ್ಕೊಂದು ಸಲ ಅಂದರೆ ಬಾಡಿಗೆಗೆ ಸಿಕ್ಕರೆ ತೆಗೆದುಕೊಳ್ಳಿ, ಗೊತ್ತಿರುವವರ ಹತ್ತಿರ ಕೇಳಿ, ಅಟ್ಟದ ಮೇಲೆ ಇಟ್ಟವರು ಯಾರಾದರೂ ಇರುತ್ತಾರೆ. ಹಳೆಯದಾದರೆ ಬಕಲ್ಲು, ಸ್ಟ್ಯಾಂಡಿನ ಕೀಲು, ಪಟ್ಟಿಯ ಹೊಲಿಗೆ ಈ ಮೂರನ್ನು ಎಳೆದು ನೋಡಿ. ಇನ್ನೂ ಆಧಾರವಿಲ್ಲದೆ ತಾನಾಗೇ ಕೂರಲು ಬಾರದ ಮಗುವಿಗೆ ಇದು ಬೇಡವೇ ಬೇಡ. ಒಬ್ಬರೇ ಮಗು ಕರೆದುಕೊಂಡು ಹೋಗುವವರಿಗೂ ನಾನು ಇದನ್ನು ಹೇಳುವುದಿಲ್ಲ. ಮತ್ತೆ ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿ ನೋಡಿ ಒಪ್ಪಬೇಡಿ, ಮಗು ಕೂರಿಸಿ ಹತ್ತು ನಿಮಿಷ ಓಡಾಡಿ, ಅಂಗಡಿಯವರು ಏನಾದರೂ ಅಂದುಕೊಳ್ಳಲಿ.

ಮನೆಗೆ ಬಂದು ದಿಂಬಿನ ಕವರು ಬಿಚ್ಚಿ ತೊಳೆದೆ. ಜೊಲ್ಲು, ಬಿಸ್ಕತ್ತು, ಮಣ್ಣು ಎಲ್ಲ ಹೋಯಿತು. ಸೀಟಿನ ಬಟ್ಟೆ ಬಿಚ್ಚಲು ಬರುವುದಿಲ್ಲ, ಒರೆಸಬೇಕು ಅಷ್ಟೇ, ಮಧ್ಯದ ಸಂದಿನಲ್ಲಿ ಇನ್ನೂ ಮೂರು ಕಲ್ಲು ಇವೆ. ಮುರಿದ ಕ್ಲಿಪ್ಪಿನ ಫೋಟೋ ತೆಗೆದು ಕಂಪನಿಗೆ ಕಳಿಸಿ ಹದಿನಾರು ದಿನ ಆಯಿತು. ನಿಮ್ಮ ಮಾತು ನಮಗೆ ಅಮೂಲ್ಯ ಅಂತ ತಾನಾಗೇ ಬರುವ ಒಂದು ಉತ್ತರ ಬಂದಿದೆ. ಕ್ಲಿಪ್ಪು ಬಂದಿಲ್ಲ. ರಬ್ಬರ್ ಬ್ಯಾಂಡ್ ಇನ್ನೂ ಅಲ್ಲೇ ಇದೆ.